ಅಪಘಾತದ ಗಾಯ ಮತ್ತು ಪರಿಹಾರದ ಹಕ್ಕು: ರೋಗಿಗಳು ಕೇಳುವ ಪ್ರಶ್ನೆಗಳಿಗೆ ಉತ್ತರ



ರಸ್ತೆ ಅಪಘಾತದಲ್ಲಿ ಗಾಯಗೊಂಡು ವಾರ್ಡಿಗೆ ಬಂದವರು ಮೊದಲ ಒಂದೆರಡು ದಿನ ನೋವಿನ ಬಗ್ಗೆ ಮಾತ್ರ ಮಾತನಾಡುತ್ತಾರೆ. ನೋವು ಹತೋಟಿಗೆ ಬಂದ ಮೇಲೆ ಬೇರೆ ಚಿಂತೆ ಶುರುವಾಗುತ್ತದೆ. "ಸಿಸ್ಟರ್, ಮೂರು ತಿಂಗಳು ಕಾಲು ಊರಬಾರದು ಅಂತಾರ. ಅಲ್ಲೀತನಕ ಮನಿ ನಡಿಯೂದು ಹೆಂಗ್ರಿ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಔಷಧಿಯಲ್ಲಿ ಉತ್ತರವಿಲ್ಲ. ಆದರೆ ಕಾನೂನಿನಲ್ಲಿ ಒಂದು ಉತ್ತರವಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ, ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ಪರಿಹಾರ ಕೇಳುವ ಹಕ್ಕಿದೆ.

ಈ ಲೇಖನ ಬರೆಯುತ್ತಿರುವವಳು ವಕೀಲೆಯಲ್ಲ, ರೋಗಿಗಳಿಗೆ ತಿಳುವಳಿಕೆ ಕೊಡುವ ನರ್ಸ್. ಆದರೂ ಈ ವಿಷಯ ಬರೆಯಲು ಕಾರಣವಿದೆ. ಪರಿಹಾರದ ಅರ್ಜಿ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಕಾಗದಪತ್ರಗಳ ಮೇಲೆ ನಿಂತಿದೆ. ಆ ಕಾಗದಪತ್ರಗಳಲ್ಲಿ ಮುಖ್ಯವಾದವು ಹುಟ್ಟುವುದು ಆಸ್ಪತ್ರೆಯಲ್ಲಿ, ನೀವು ಹಾಸಿಗೆಯ ಮೇಲೆ ಮಲಗಿರುವಾಗಲೇ. ಆಗ ಹೇಳಿದ ಒಂದು ಮಾತು, ಎಸೆದ ಒಂದು ಚೀಟಿ ಮುಂದೆ ದೊಡ್ಡ ನಷ್ಟ ತರಬಹುದು. ಆದ್ದರಿಂದ ಡಿಸ್ಚಾರ್ಜ್ ಆಗುವ ಮೊದಲೇ ಇದನ್ನು ಒಮ್ಮೆ ಓದಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿ.

1. ಪರಿಹಾರ ಕೇಳುವ ಹಕ್ಕು ಯಾರಿಗೆ ಇದೆ?

ವಾಹನದಿಂದಾದ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆಗಲಿ ಇದೆ. ರಸ್ತೆ ಬದಿ ನಡೆದು ಹೋಗುತ್ತಿದ್ದವರು, ಸೈಕಲ್ ಸವಾರರು, ಬಸ್ಸಿನ ಪ್ರಯಾಣಿಕರು, ಆಟೋದಲ್ಲಿ ಕೂತಿದ್ದವರು, ಇನ್ನೊಂದು ವಾಹನ ಬಂದು ಗುದ್ದಿದ ಬೈಕ್ ಸವಾರರು ಎಲ್ಲರೂ ಕೇಳಬಹುದು. ಮಕ್ಕಳ ಪರವಾಗಿ ತಂದೆ ತಾಯಿ ಅಥವಾ ಪೋಷಕರು ಅರ್ಜಿ ಹಾಕಬಹುದು. ಗಾಯಾಳು ತೀರಿಕೊಂಡರೆ ಹಕ್ಕು ಅವರ ವಾರಸುದಾರರಿಗೆ ಬರುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸಾವಿಗೂ ಆ ಗಾಯಕ್ಕೂ ಸಂಬಂಧವಿಲ್ಲದಿದ್ದರೂ ಗಾಯದ ಪರಿಹಾರ ಕೇಳುವ ಹಕ್ಕು ವಾರಸುದಾರರಿಗೆ ಉಳಿಯುತ್ತದೆ.

ಪರಿಹಾರ ಕೊಡಬೇಕಾದವರು ತಪ್ಪು ಮಾಡಿದ ವಾಹನದ ಚಾಲಕ, ಮಾಲೀಕ ಮತ್ತು ಆ ವಾಹನಕ್ಕೆ ವಿಮೆ ಮಾಡಿದ ಕಂಪನಿ. ವಿಮೆ ಇಲ್ಲದಿದ್ದರೆ ಹೊಣೆ ಮಾಲೀಕರದ್ದೇ. ಸರ್ಕಾರಿ ಬಸ್ಸಾದರೆ ಆ ಸಾರಿಗೆ ನಿಗಮದ ಮೇಲೆ ಅರ್ಜಿ ಹಾಕಬೇಕು.

2. ಆಸ್ಪತ್ರೆಗೆ ದಾಖಲಾಗುವಾಗ ಏನು ಹೇಳಬೇಕು?

ನಡೆದದ್ದನ್ನು ನಡೆದಂತೆಯೇ ಹೇಳಬೇಕು. ಈ ಲೇಖನದಲ್ಲಿ ನೀವು ನೆನಪಿಡಬೇಕಾದ ಮೊದಲ ಮಾತು ಇದು.

ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು "ಏನಾಯಿತು, ಯಾವಾಗ, ಎಲ್ಲಿ, ಹೇಗೆ?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ರಸ್ತೆ ಅಪಘಾತವಾದರೆ ಅದನ್ನು ಎಂ.ಎಲ್.ಸಿ. ಎಂದು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ನಮೂದಿಸಿ ಠಾಣೆಗೆ ಸೂಚನೆ ಕಳಿಸುತ್ತಾರೆ. ಇಲ್ಲಿ ಅನೇಕರು ಹೆದರುತ್ತಾರೆ. ಬೈಕ್ ಓಡಿಸುತ್ತಿದ್ದವನು ಅಕ್ಕನ ಮಗ, ಅವನಿಗೆ ಲೈಸೆನ್ಸ್ ಇಲ್ಲ. ಅಥವಾ ಗುದ್ದಿದವರು ಅದೇ ಊರಿನ ಪರಿಚಯದವರು. "ಪೊಲೀಸ್ ಕಟ್ಲೆ ಯಾಕ ಬೇಕ್ರಿ, ಮನ್ಯಾಗ ಜಾರಿ ಬಿದ್ದದ್ದು ಅಂತ ಬರ್ಕೊಳ್ರಿ" ಎನ್ನುತ್ತಾರೆ.

ಒಮ್ಮೆ ಕೇಸ್ ಶೀಟಿನಲ್ಲಿ "ಮನೆಯಲ್ಲಿ ಜಾರಿ ಬಿದ್ದು ಗಾಯ" ಎಂದು ದಾಖಲಾದರೆ, ತಿಂಗಳ ನಂತರ "ಅಲ್ಲ, ಲಾರಿ ಗುದ್ದಿತು" ಎಂದು ಹೇಳಿದಾಗ ವಿಮಾ ಕಂಪನಿಯ ವಕೀಲರು ಮೊದಲು ತೋರಿಸುವುದು ಅದೇ ಸಾಲನ್ನು. ಗಾಯ ನಿಜ, ನೋವು ನಿಜ, ಲಾರಿಯೂ ನಿಜ. ಆದರೆ ನಿಮ್ಮ ಮಾತೇ ನಿಮಗೆ ಎದುರು ಸಾಕ್ಷಿಯಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೆಲವರು ಡಿಸ್ಚಾರ್ಜ್ ಸಮಯದಲ್ಲಿ ಬಂದು, "ವಿಮೆ ಇರುವ ಬೇರೆ ಗಾಡಿಯ ನಂಬರ್ ಸೇರಿಸಿ", "ಕುಡಿದ ವಾಸನೆ ಇತ್ತು ಎಂದು ಬರೆದದ್ದನ್ನು ತೆಗೆಯಿರಿ" ಎಂದು ಕೇಳುತ್ತಾರೆ. ಬರೆದ ದಾಖಲೆಯನ್ನು ತಿದ್ದುವುದು ಅಪರಾಧ. ನರ್ಸ್ ಆಗಲಿ ವೈದ್ಯರಾಗಲಿ ಅದನ್ನು ಮಾಡುವಂತಿಲ್ಲ. ಸುಳ್ಳು ಸೇರಿಸಿದ ಅರ್ಜಿ ಬಯಲಾದರೆ ಪರಿಹಾರ ಹೋಗುವುದಲ್ಲದೆ ಅರ್ಜಿದಾರರ ಮೇಲೆಯೇ ಕೇಸಾಗಬಹುದು.

ಗಾಯಾಳುವಿಗೆ ಪ್ರಜ್ಞೆ ಇಲ್ಲದಿದ್ದರೆ ಕರೆತಂದವರು ತಮಗೆ ಗೊತ್ತಿರುವಷ್ಟನ್ನು ಮಾತ್ರ ಹೇಳಲಿ. ಗೊತ್ತಿಲ್ಲದ್ದನ್ನು ಊಹಿಸಿ ಹೇಳುವುದಕ್ಕಿಂತ "ಗೊತ್ತಿಲ್ಲ" ಎನ್ನುವುದೇ ಒಳ್ಳೆಯದು.

3. ಪೊಲೀಸ್ ದೂರು ಕೊಡಲೇಬೇಕೆ? ತಡವಾಗಿದ್ದರೆ ಏನು ಮಾಡುವುದು?

ಕೊಡಬೇಕು. ಎಫ್.ಐ.ಆರ್. ಇಲ್ಲದೆ ಪರಿಹಾರ ಪಡೆಯುವುದು ಬಹಳ ಕಷ್ಟ. ಗಾಯಾಳುವೇ ಠಾಣೆಗೆ ಹೋಗಬೇಕೆಂದಿಲ್ಲ. ಪೊಲೀಸರು ಆಸ್ಪತ್ರೆಗೇ ಬಂದು ಹೇಳಿಕೆ ಪಡೆಯಬಹುದು, ಅಥವಾ ಮನೆಯವರು, ಕಣ್ಣಾರೆ ಕಂಡವರು ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪಘಾತ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ದೂರು ಕೊಟ್ಟವರಿಗೆ ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಜೀವ ಉಳಿಸುವ ಓಡಾಟದಲ್ಲಿ ದೂರು ನಾಲ್ಕು ದಿನ ತಡವಾಗಿದ್ದರೆ ಗಾಬರಿಯಾಗಬೇಡಿ. ಅಪಘಾತವಾದಾಗ ಜನ ಮೊದಲು ಚಿಕಿತ್ಸೆಗೆ ಓಡುವುದು ಸಹಜ, ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೆ ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿಸಿ.

ಅಪಘಾತದ ಮಾಹಿತಿ ಬಂದ 48 ಗಂಟೆಯೊಳಗೆ ಪೊಲೀಸರು ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ ಕೊಡಬೇಕು ಎಂಬುದು 2022ರಿಂದ ಇರುವ ನಿಯಮ. ನಿಮ್ಮ ಮನೆಯವರೊಬ್ಬರು ಠಾಣೆಗೆ ಹೋಗಿ, "ವರದಿ ಹೋಯಿತೇ?" ಎಂದು ವಿನಯದಿಂದಲೇ ವಿಚಾರಿಸುತ್ತಿರಲಿ.

4. ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು?

ಅಪಘಾತವಾದ ದಿನದಿಂದ ಆರು ತಿಂಗಳೊಳಗೆ. ಇದು ನೆನಪಿಡಬೇಕಾದ ಎರಡನೆಯ ಮಾತು.

ಊರಿನಲ್ಲಿ ಹಿರಿಯರು, "ಅದಕ್ಕೇನು ವಾಯಿದೆ ಇಲ್ಲ, ಯಾವಾಗ ಬೇಕಾದರೂ ಹಾಕಬಹುದು" ಎನ್ನುವುದನ್ನು ಕೇಳಿರುತ್ತೀರಿ. ಅವರು ಹೇಳುವುದು ಹಿಂದಿನ ಕಾಲಕ್ಕೆ ಸರಿ. 1994ರ ನವೆಂಬರ್‌ನಿಂದ 2022ರ ಮಾರ್ಚ್ ಕೊನೆಯವರೆಗೆ ಯಾವ ಕಾಲಮಿತಿಯೂ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂದಿದೆ. ಈ ಮಿತಿಯನ್ನು ಪ್ರಶ್ನಿಸಿದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಒಂದು ಮಧ್ಯಂತರ ಆದೇಶ ಕೊಟ್ಟು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ಸದ್ಯಕ್ಕೆ ವಜಾ ಮಾಡಬಾರದೆಂದು ಹೇಳಿತು. ಆದ್ದರಿಂದ ಆರು ತಿಂಗಳು ಮೀರಿದವರು ಆಸೆ ಬಿಡದೆ ವಕೀಲರನ್ನು ಕಾಣಬೇಕು. ಆದರೆ ಇನ್ನೂ ಸಮಯವಿರುವವರು ಆ ಆದೇಶವನ್ನು ನಂಬಿ ಕೂರಬಾರದು. ಗಾಯ ಪೂರ್ತಿ ಮಾಯಲಿ, ಕೋಲು ಬಿಟ್ಟು ನಡೆಯುವಂತಾಗಲಿ ಎಂದು ಕಾಯುವುದೂ ಬೇಡ. ಅರ್ಜಿ ಮೊದಲು ಹಾಕಿ, ನಂತರದ ಚಿಕಿತ್ಸೆಯ ಕಾಗದಗಳನ್ನು ಆಮೇಲೆ ಸೇರಿಸಬಹುದು.

ಮನೆಗೆ ಹೋದ ಕೂಡಲೇ ಕ್ಯಾಲೆಂಡರ್ ತೆಗೆದು, ಅಪಘಾತದ ದಿನದಿಂದ ಐದು ತಿಂಗಳಾಗುವ ದಿನಕ್ಕೆ ಕೆಂಪು ಗುರುತು ಹಾಕಿ. ಆ ದಿನದೊಳಗೆ ಅರ್ಜಿ ಸಲ್ಲಿಕೆಯಾಗಿರಲಿ.

5. ಅರ್ಜಿ ಎಲ್ಲಿ ಹಾಕಬೇಕು?

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ನಮ್ಮ ರಾಜ್ಯದಲ್ಲಿ ಜಿಲ್ಲಾ ನ್ಯಾಯಾಲಯಗಳು ಮತ್ತು ಹಿರಿಯ ಸಿವಿಲ್ ನ್ಯಾಯಾಲಯಗಳು ಈ ಕೆಲಸ ಮಾಡುತ್ತವೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಇದನ್ನು ನೋಡುತ್ತದೆ. ಅಪಘಾತ ನಡೆದ ಸ್ಥಳ, ನೀವು ವಾಸವಿರುವ ಅಥವಾ ಉದ್ಯೋಗ ಮಾಡುವ ಸ್ಥಳ, ಎದುರುದಾರರು ವಾಸವಿರುವ ಸ್ಥಳ, ಇವುಗಳಲ್ಲಿ ಒಂದನ್ನು ನೀವು ಆರಿಸಿಕೊಳ್ಳಬಹುದು. ಪುಣೆಯ ಹತ್ತಿರ ಅಪಘಾತವಾಗಿ ಊರಿಗೆ ಬಂದು ಚಿಕಿತ್ಸೆ ಪಡೆಯುತ್ತಿರುವವರು ವಾಯಿದೆಗಾಗಿ ಪುಣೆಗೇ ಅಲೆಯಬೇಕಾಗಿಲ್ಲ.

6. ಗುದ್ದಿದ ವಾಹನ ನಿಲ್ಲಿಸದೆ ಓಡಿಹೋಯಿತು. ನಂಬರೂ ಗೊತ್ತಿಲ್ಲ. ಈಗ?

ಇಂಥವರಿಗೂ ಒಂದು ಯೋಜನೆ ಇದೆ. ವಾಹನ ಪತ್ತೆಯಾಗದ ಅಪಘಾತಗಳಲ್ಲಿ ಮರಣವಾದರೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ ನಿಗದಿಯಾಗಿದೆ. 2022ರ ಏಪ್ರಿಲ್‌ಗೆ ಮೊದಲು ಇದು ಕ್ರಮವಾಗಿ 25 ಸಾವಿರ ಮತ್ತು 12,500 ರೂಪಾಯಿ ಮಾತ್ರ ಇತ್ತು. ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಮಂಜೂರು ಮಾಡುವವರು ಜಿಲ್ಲಾಧಿಕಾರಿಗಳು. ಎಫ್.ಐ.ಆರ್. ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಕಾಗದ, ಬ್ಯಾಂಕ್ ಪಾಸ್‌ಬುಕ್ ಮತ್ತು ಗುರುತಿನ ಚೀಟಿ ಜೊತೆಗಿರಲಿ.

ತೀವ್ರ ಗಾಯ ಎಂದರೆ ಕೈಕಾಲು ಕಳೆದುಕೊಳ್ಳುವುದು ಮಾತ್ರವಲ್ಲ. ಮೂಳೆ ಅಥವಾ ಹಲ್ಲು ಮುರಿದರೂ, ಕೀಲು ತಪ್ಪಿದರೂ ಕಾನೂನಿನಲ್ಲಿ ಅದು ತೀವ್ರ ಗಾಯವೇ.

7. ತಪ್ಪು ಯಾರದೆಂದು ಸಾಬೀತುಪಡಿಸಲು ನನ್ನ ಬಳಿ ಸಾಕ್ಷಿ ಇಲ್ಲ. ನನ್ನದೂ ಸ್ವಲ್ಪ ತಪ್ಪಿತ್ತು. ಪರಿಹಾರ ಸಿಗುವುದೇ?

ಇಲ್ಲಿ ಎರಡು ದಾರಿಗಳಿವೆ. ಅಧಿನಿಯಮದ 164ನೆಯ ಕಲಮಿನಲ್ಲಿ, ಎದುರಿನವರ ತಪ್ಪನ್ನು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ, ಮರಣಕ್ಕೆ 5 ಲಕ್ಷ ರೂಪಾಯಿ ಪಡೆಯಬಹುದು. ಮೊತ್ತ ನಿಗದಿಯಾಗಿರುವುದರಿಂದ ಹೆಚ್ಚು ಕೇಳುವಂತಿಲ್ಲ. 166ನೆಯ ಕಲಮಿನಲ್ಲಿ ತಪ್ಪನ್ನು ತೋರಿಸಬೇಕು, ಆದರೆ ನಿಮ್ಮ ನಿಜವಾದ ನಷ್ಟವನ್ನೆಲ್ಲ ಲೆಕ್ಕ ಹಾಕಿ ಕೇಳಬಹುದು. 164ರ ಹಣವನ್ನು ವಿಮಾ ಕಂಪನಿಯಿಂದ ಒಪ್ಪಿ ಪಡೆದರೆ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಯಾವ ದಾರಿ ಎಂಬುದನ್ನು ವಕೀಲರೊಂದಿಗೆ ಕೂತು ನಿರ್ಧರಿಸಿ. ಕೈಬೆರಳಿನ ಮೂಳೆ ಮುರಿದವರಿಗೆ ಒಂದು ದಾರಿ ಸರಿ, ಬೆನ್ನುಹುರಿಗೆ ಪೆಟ್ಟಾದವರಿಗೆ ಇನ್ನೊಂದು ಸರಿ.

ನಿಮ್ಮದೂ ಸ್ವಲ್ಪ ತಪ್ಪಿದ್ದರೆ, ಆ ಪಾಲಿನಷ್ಟು ಪರಿಹಾರ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟಾಗಿದ್ದರೆ ಆ ಕಾರಣಕ್ಕೂ ಕಡಿತವಾಗಬಹುದು. ಪೂರ್ತಿ ತಪ್ಪು ನಿಮ್ಮದೇ ಆಗಿ ನಿಮ್ಮ ಸ್ವಂತ ಗಾಡಿಯಿಂದ ನೀವೇ ಬಿದ್ದಿದ್ದರೆ ಬೇರೆಯವರಿಂದ ಕೇಳಲಾಗದು. ಆಗ ನಿಮ್ಮ ಪಾಲಿಸಿಯಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಮರಣ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಇರುವ ಈ ವಿಮೆಯ ಮೊತ್ತ 2018ರಿಂದ ಕನಿಷ್ಠ 15 ಲಕ್ಷ ರೂಪಾಯಿ.

ಸಂಬಂಧಿಕರ ಬೈಕಿನ ಹಿಂದೆ ಕೂತು ಗಾಯಗೊಂಡವರು ಆ ಬೈಕಿನ ಪಾಲಿಸಿಯ ನಕಲು ಪಡೆದು ವಕೀಲರಿಗೆ ತೋರಿಸಿ. ಪ್ಯಾಕೇಜ್ ಪಾಲಿಸಿಯಾದರೆ ಹಿಂದೆ ಕೂತವರಿಗೂ ರಕ್ಷಣೆ ಇರುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ವಿಮಾ ಕಂಪನಿ ಹೊಣೆ ಒಪ್ಪುವುದಿಲ್ಲ. ಹಾಗೆಯೇ ಗೂಡ್ಸ್ ಗಾಡಿಯಲ್ಲಿ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸುಮ್ಮನೆ ಹತ್ತಿ ಹೋಗುತ್ತಿದ್ದವರಿಗೂ ವಿಮಾ ಕಂಪನಿಯಿಂದ ಹಣ ಸಿಗುವುದು ಕಷ್ಟ. ಆಗ ಮಾಲೀಕರಿಂದಲೇ ವಸೂಲಾಗಬೇಕು. ಜಾತ್ರೆಗೆ, ಮದುವೆಗೆ ಟ್ರೇಲರ್ ತುಂಬ ಜನ ಕೂರುವ ಮೊದಲು ಈ ಮಾತು ನೆನಪಿರಲಿ.

8. ಯಾವ ಯಾವ ಬಾಬ್ತಿಗೆ ಪರಿಹಾರ ಕೊಡುತ್ತಾರೆ?

ಪರಿಹಾರವೆಂದರೆ ಆಸ್ಪತ್ರೆಯ ಬಿಲ್ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ನ್ಯಾಯಮಂಡಳಿ ನೋಡುವ ಬಾಬ್ತುಗಳು ಇವು:

– ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರ ಮತ್ತು ನೋಡಿಕೊಳ್ಳುವವರ ಖರ್ಚು
– ಹಾಸಿಗೆ ಹಿಡಿದ ಅವಧಿಯಲ್ಲಿ ತಪ್ಪಿಹೋದ ದುಡಿಮೆ
– ಶಾಶ್ವತ ಅಂಗವೈಕಲ್ಯದಿಂದ ಮುಂದೆ ಕಡಿಮೆಯಾಗುವ ದುಡಿಮೆ
– ಮುಂದೆ ಬೇಕಾಗುವ ಚಿಕಿತ್ಸೆ, ಉದಾಹರಣೆಗೆ ಹಾಕಿದ ರಾಡ್ ಅಥವಾ ಪ್ಲೇಟ್ ತೆಗೆಸುವ ಶಸ್ತ್ರಚಿಕಿತ್ಸೆ
– ಅನುಭವಿಸಿದ ನೋವು ಮತ್ತು ಮಾನಸಿಕ ಯಾತನೆ
– ಮೊದಲಿನಂತೆ ಓಡಾಡಲು, ನೆಲದ ಮೇಲೆ ಕೂರಲು, ಮಕ್ಕಳನ್ನು ಎತ್ತಿಕೊಳ್ಳಲು ಆಗದೆ ಕಳೆದುಕೊಂಡ ಬದುಕಿನ ಸೌಖ್ಯ

"ಇಲ್ಲಿ ನನಗೆ ರಿಯಾಯಿತಿಯಲ್ಲಿ ಚಿಕಿತ್ಸೆ ಆಯಿತು, ಇನ್ನು ಕೇಳಲು ಏನಿದೆ?" ಎನ್ನುವವರು ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬಿಲ್ ಸೊನ್ನೆಯಾಗಿದ್ದರೂ ಉಳಿದ ಬಾಬ್ತುಗಳು ಹಾಗೆಯೇ ಇರುತ್ತವೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಕೈಯಿಂದ ಹಣ ಕಟ್ಟಬೇಕಾಗಿಲ್ಲ. ದಾಖಲಾದ ದಿನವೇ ಈ ಬಗ್ಗೆ ವಿಚಾರಿಸಿ. ಇದನ್ನು ಬಳಸಿಕೊಂಡವರೂ ಪರಿಹಾರದ ಅರ್ಜಿ ಹಾಕಬಹುದು.

9. ಅಂಗವೈಕಲ್ಯದ ಶೇಕಡಾ ಲೆಕ್ಕ ಹೇಗೆ?

ಇಲ್ಲಿ ಗೊಂದಲ ಹೆಚ್ಚು. ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್‌ನಲ್ಲಿ ಕೊಟ್ಟ ಒಂದು ತೀರ್ಪು ಇದನ್ನು ಬಿಡಿಸಿ ಹೇಳಿದೆ. ಅದರಲ್ಲಿ ಮೂರು ಹಂತಗಳಿವೆ.

ಮೊದಲನೆಯದು, ಆ ಅಂಗಕ್ಕೆ ಎಷ್ಟು ಊನ. ಎರಡನೆಯದು, ಇಡೀ ದೇಹಕ್ಕೆ ಎಷ್ಟು. ಒಂದು ಕಾಲಿಗೆ ಶೇ. 45 ಎಂದರೆ ಇಡೀ ದೇಹಕ್ಕೆ ಶೇ. 45 ಎಂದಲ್ಲ, ಅದಕ್ಕಿಂತ ಬಹಳ ಕಡಿಮೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಆ ಊನದಿಂದ ನಿಮ್ಮ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಎಂಬುದು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿ ತನ್ನ ಕಸುಬನ್ನೇ ಪೂರ್ತಿ ಕಳೆದುಕೊಳ್ಳಬಹುದು. ಅದೇ ಗಾಯವಾದ ಸರ್ಕಾರಿ ಕಚೇರಿಯ ಗುಮಾಸ್ತರ ಸಂಬಳ ಹಾಗೆಯೇ ಮುಂದುವರಿಯಬಹುದು. ಗಾಯ ಒಂದೇ ಆದರೂ ನಷ್ಟ ಬೇರೆ ಎಂದು ಆ ತೀರ್ಪು ವಿವರಿಸುತ್ತದೆ. ಆದ್ದರಿಂದ ನಿಮ್ಮ ಕೆಲಸ ಏನು, ಆ ಕೆಲಸದಲ್ಲಿ ಈಗ ಏನೇನು ಮಾಡಲಾಗುತ್ತಿಲ್ಲ ಎಂಬುದನ್ನು ವೈದ್ಯರಿಗೂ ವಕೀಲರಿಗೂ ಬಿಡಿಸಿ ಹೇಳಿ. "ನಡೆಯಲು ಆಗುವುದಿಲ್ಲ" ಎನ್ನುವುದಕ್ಕಿಂತ "ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯಲು ಆಗುವುದಿಲ್ಲ, ಮೂಟೆ ಹೊತ್ತು ಮೆಟ್ಟಿಲು ಹತ್ತಲು ಆಗುವುದಿಲ್ಲ" ಎಂದರೆ ಅರ್ಥವಾಗುತ್ತದೆ.

ಒಂದು ಲೆಕ್ಕ ನೋಡಿ. 38 ವರ್ಷದ ಗಾರೆ ಕೆಲಸದವರೊಬ್ಬರ ತಿಂಗಳ ದುಡಿಮೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000. ದುಡಿಮೆಯ ಶಕ್ತಿ ಶೇ. 20ರಷ್ಟು ಕಡಿಮೆಯಾಗಿದೆ ಎಂದಾದರೆ ವರ್ಷದ ನಷ್ಟ 36,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 2009ರ ತೀರ್ಪಿನಲ್ಲಿ ನಿಗದಿಯಾದ ಪ್ರಕಾರ 21ರಿಂದ 25 ವಯಸ್ಸಿಗೆ 18, 36ರಿಂದ 40ಕ್ಕೆ 15, 46ರಿಂದ 50ಕ್ಕೆ 13, 56ರಿಂದ 60ಕ್ಕೆ 9 ಗುಣಕ. ಇವರಿಗೆ 36,000 ಗುಣಿಸು 15, ಅಂದರೆ 5,40,000 ರೂಪಾಯಿ. ಇದರ ಜೊತೆಗೆ, ಮುಂದೆ ಏರಬಹುದಾಗಿದ್ದ ದುಡಿಮೆಯನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು 2017 ಮತ್ತು 2020ರ ತೀರ್ಪುಗಳಿವೆ. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಅದು ಶೇ. 40. ಹಾಗೆ ಸೇರಿಸಿದರೆ ಮೊತ್ತ 7,56,000 ಆಗುತ್ತದೆ. ನೋವು, ಚಿಕಿತ್ಸೆ ಮುಂತಾದ ಬಾಬ್ತುಗಳು ಬೇರೆ. ಇದು ಅರ್ಥವಾಗಲೆಂದು ಕೊಟ್ಟ ಉದಾಹರಣೆ ಮಾತ್ರ. ನಿಮ್ಮ ಪ್ರಕರಣದಲ್ಲಿ ಎಷ್ಟು ಎಂಬುದನ್ನು ನ್ಯಾಯಮಂಡಳಿ ತೀರ್ಮಾನಿಸುತ್ತದೆ.

ಅಂಗವೈಕಲ್ಯವನ್ನು ಅಳೆಯುವುದು ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ. ಪ್ಲಾಸ್ಟರ್ ಇರುವಾಗಲೇ ಪ್ರಮಾಣಪತ್ರ ಕೇಳಬೇಡಿ. ಚಿಕಿತ್ಸೆ ಕೊಟ್ಟ ವೈದ್ಯರ ಮಾತಿಗೆ ತೂಕ ಹೆಚ್ಚು. ನಿಮ್ಮನ್ನು ನೋಡದವರು ಬರೆದುಕೊಟ್ಟ ಶೇಕಡಾ ಎಷ್ಟೇ ದೊಡ್ಡದಿದ್ದರೂ ಪಾಟಿ ಸವಾಲಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು: ಶೇಕಡಾ ಹೆಚ್ಚು ಬರಲಿ ಎಂದು ವ್ಯಾಯಾಮ ಬಿಡಬೇಡಿ. ಫಿಸಿಯೋಥೆರಪಿ ಬಿಟ್ಟ ಮೊಣಕಾಲು ಬಿಗಿದುಕೊಂಡರೆ ಯಾವ ಪರಿಹಾರವೂ ಅದನ್ನು ಮಡಚಿಸಿ ಕೊಡುವುದಿಲ್ಲ.

10. ನನಗೆ ಸಂಬಳದ ಚೀಟಿ ಇಲ್ಲ. ಕೂಲಿ ಮಾಡುತ್ತೇನೆ. ಆದಾಯ ತೋರಿಸುವುದು ಹೇಗೆ?

ಕೂಲಿಯವರಿಂದ ಕಾಗದದ ಪುರಾವೆ ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟೇ ಹೇಳಿದೆ. 2011ರಲ್ಲಿ ನಮ್ಮ ರಾಜ್ಯದ ಕೂಲಿ ಕಾರ್ಮಿಕರೊಬ್ಬರ ಪ್ರಕರಣದಲ್ಲಿ, ಅಪಘಾತ ನಡೆದ 2004ರ ಕಾಲದ ಕೂಲಿ ದರವನ್ನು ನೋಡಿ, ಅವರು ಹೇಳಿದ್ದ ತಿಂಗಳಿಗೆ 4,500 ರೂಪಾಯಿ ಆದಾಯವನ್ನು ನ್ಯಾಯಾಲಯ ಒಪ್ಪಿತು. ಆದರೂ ಸಿಕ್ಕ ಪುರಾವೆ ಇಟ್ಟುಕೊಳ್ಳಿ. ಉದ್ಯೋಗ ಖಾತರಿ ಕೆಲಸದ ಜಾಬ್ ಕಾರ್ಡ್, ಕಾರ್ಮಿಕ ಕಾರ್ಡ್, ಹಾಲಿನ ಡೇರಿಯ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಮೇಸ್ತ್ರಿಯ ಹಾಜರಿ ಪುಸ್ತಕ ಯಾವುದಾದರೂ ನೆರವಾಗುತ್ತದೆ.

ಗೃಹಿಣಿಯರು "ನಾನೇನು ದುಡಿಯುತ್ತಿರಲಿಲ್ಲವಲ್ಲ" ಎಂದು ಸುಮ್ಮನಾಗಬೇಡಿ. ಮನೆಗೆಲಸಕ್ಕೂ ಬೆಲೆ ಇದೆ, ಗೃಹಿಣಿಗೂ ಆದಾಯವನ್ನು ಲೆಕ್ಕ ಹಾಕಬೇಕು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿದೆ. ಕೈ ಮುರಿದ ತಾಯಿಯ ಬದಲು ಮನೆಯಲ್ಲಿ ಯಾರು ಯಾರು ಏನೇನು ಕೆಲಸ ಮಾಡಬೇಕಾಯಿತು ಎಂದು ನೋಡಿದರೆ ಆ ಬೆಲೆ ಎಲ್ಲರಿಗೂ ತಿಳಿಯುತ್ತದೆ.

11. ಗುದ್ದಿದವರು ಈಗಲೇ 20 ಸಾವಿರ ಕೊಡುತ್ತೇವೆ, ಕೇಸ್ ಬೇಡ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಅವಸರ ಬೇಡ. ಮೊದಲ ವಾರದಲ್ಲಿ ಗಾಯದ ಪೂರ್ತಿ ಪರಿಣಾಮ ಯಾರಿಗೂ ಗೊತ್ತಿರುವುದಿಲ್ಲ. ಮೂಳೆ ಕೂಡದೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಗಾಯ ಕೀವು ಹಿಡಿಯಬಹುದು. 20 ಸಾವಿರ ಅಷ್ಟರಲ್ಲಿ ಖರ್ಚಾಗಿರುತ್ತದೆ. ಓದದೆ ಹಾಕಿದ ಸಹಿ ಅಥವಾ ಹೆಬ್ಬೆಟ್ಟು ಮುಂದೆ ನಿಮ್ಮ ವಿರುದ್ಧವೇ ಹಾಜರಾಗಬಹುದು. ಖಾಲಿ ಹಾಳೆಗೆ, ಖಾಲಿ ಬಾಂಡ್ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ.

ಪರಿಹಾರದ ಅರ್ಜಿ ಎಂದರೆ ಗುದ್ದಿದವರ ಮೇಲೆ ಹಗೆ ಸಾಧಿಸುವುದಲ್ಲ. ವಾಹನಕ್ಕೆ ವಿಮೆ ಇದ್ದರೆ ಸಾಮಾನ್ಯವಾಗಿ ಹಣ ಕೊಡುವುದು ಕಂಪನಿ. ಅದಕ್ಕಾಗಿಯೇ ಕಂತು ಕಟ್ಟಿರುತ್ತಾರೆ. ಆದರೆ ಚಾಲಕರ ಮೇಲೆ ನಡೆಯುವ ಪೊಲೀಸ್ ಪ್ರಕರಣ ಬೇರೆ, ಪರಿಹಾರದ ಅರ್ಜಿ ಬೇರೆ. ಒಂದರಲ್ಲಿ ಚಾಲಕ ಬಿಡುಗಡೆಯಾದರೂ ಇನ್ನೊಂದು ಬಿದ್ದುಹೋಗುವುದಿಲ್ಲ.

ರಾಜಿಯೇ ಬೇಕೆಂದಿದ್ದರೆ ಲೋಕ ಅದಾಲತ್ ಒಳ್ಳೆಯ ಜಾಗ. ಅಲ್ಲಿ ನ್ಯಾಯಾಧೀಶರ ಎದುರು ಮೊತ್ತ ಗೊತ್ತಾಗುತ್ತದೆ. ಒಮ್ಮೆ ಒಪ್ಪಿದರೆ ಅದೇ ಅಂತಿಮ, ಮೇಲ್ಮನವಿ ಇಲ್ಲ. ಆದ್ದರಿಂದ ಯೋಚಿಸಿಯೇ ಒಪ್ಪಿ.

12. ವಕೀಲರಿಗೆ ಕೊಡಲು ಹಣವಿಲ್ಲ. ವಾರ್ಡಿಗೆ ಬಂದವರೊಬ್ಬರು "ಎಲ್ಲಾ ನಾವೇ ನೋಡಿಕೊಳ್ಳುತ್ತೇವೆ, ಬಂದದ್ದರಲ್ಲಿ ಇಂತಿಷ್ಟು ಪಾಲು ಕೊಡಿ" ಎನ್ನುತ್ತಿದ್ದಾರೆ.

ಅವರಿಗೆ ನಿಮ್ಮ ಕಾಗದ ಕೊಡಬೇಡಿ. ವಕೀಲರು ಬಂದ ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಮಧ್ಯವರ್ತಿಗೆ ಹಾಗೆ ಕೇಳಲು ಯಾವ ಅಧಿಕಾರವೂ ಇಲ್ಲ. ವಾರ್ಡಿನಲ್ಲಿ ಇಂಥವರು ಕಂಡರೆ ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ತಿಳಿಸಿ.

ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮತ್ತು ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತಾರೆ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. ಸ್ವಂತ ವಕೀಲರನ್ನು ಇಟ್ಟುಕೊಂಡರೆ ಫೀ ಎಷ್ಟೆಂದು ಮೊದಲೇ ಮಾತಾಡಿಕೊಂಡು, ಅರ್ಜಿಯ ಎಂ.ವಿ.ಸಿ. ನಂಬರ್ ಬರೆದಿಟ್ಟುಕೊಳ್ಳಿ.

13. ಹಣ ಹೇಗೆ ಕೈಸೇರುತ್ತದೆ? ಕಡಿಮೆ ಬಂತೆನಿಸಿದರೆ?

ಪರಿಹಾರದ ಮೇಲೆ ಬಡ್ಡಿಯನ್ನೂ ಕೊಡಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಹಣ ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೆ ಜಮೆಯಾಗುವ ವ್ಯವಸ್ಥೆಗೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಆದ್ದರಿಂದ ನಿಮ್ಮದೇ ಹೆಸರಿನ ಖಾತೆ ಇರಲಿ, ಅದರ ವಿವರವನ್ನು ಅರ್ಜಿಯ ಜೊತೆಗೇ ಕೊಡಿ. ಒಂದು ಭಾಗವನ್ನು ಕೆಲವು ವರ್ಷ ಠೇವಣಿ ಇಡಲು ಆದೇಶವಾದರೆ ಬೇಸರಿಸಬೇಡಿ. ಅದು ನಿಮ್ಮ ಹಣ ಉಳಿಯಲೆಂದೇ.

ಪರಿಹಾರ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಬೆಂಗಳೂರಿನಲ್ಲಲ್ಲದೆ ಧಾರವಾಡ ಮತ್ತು ಕಲಬುರಗಿಯಲ್ಲೂ ಹೈಕೋರ್ಟ್ ಪೀಠಗಳಿವೆ.

14. ಯಾವ ಕಾಗದಗಳನ್ನು ಜೋಪಾನ ಮಾಡಬೇಕು?

ಒಂದು ಪ್ಲಾಸ್ಟಿಕ್ ಫೈಲ್ ತಂದು ಇವನ್ನು ಹಾಕಿಡಿ:

ಆಸ್ಪತ್ರೆಯಿಂದ: ಡಿಸ್ಚಾರ್ಜ್ ಕಾರ್ಡ್, ಎಕ್ಸ್-ರೇ ಮತ್ತು ಸ್ಕ್ಯಾನ್ ಫಿಲ್ಮುಗಳು ವರದಿ ಸಮೇತ, ಔಷಧಿ ಚೀಟಿ ಮತ್ತು ಅದೇ ದಿನಾಂಕದ ಬಿಲ್, ಮರುಭೇಟಿಯ ಚೀಟಿಗಳು, ಫಿಸಿಯೋಥೆರಪಿ ಕಾರ್ಡ್, ಮುಂದಿನ ಶಸ್ತ್ರಚಿಕಿತ್ಸೆಗೆ ತಗಲುವ ಖರ್ಚಿನ ಅಂದಾಜು ಪತ್ರ.

ಪೊಲೀಸರಿಂದ: ಎಫ್.ಐ.ಆರ್. ಮತ್ತು ದೂರು, ಸ್ಥಳ ಮಹಜರು ಮತ್ತು ನಕ್ಷೆ, ವಾಹನ ತಪಾಸಣೆ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ.

ಮನೆಯಿಂದ: ವಯಸ್ಸಿನ ದಾಖಲೆ, ಆಧಾರ್, ಆದಾಯದ ಪುರಾವೆ, ಪಾಸ್‌ಬುಕ್, ಆಟೋ ಮತ್ತು ಬಾಡಿಗೆ ಕಾರಿಗೆ ಕೊಟ್ಟ ಹಣದ ಲೆಕ್ಕ.

ಎಕ್ಸ್-ರೇ ಫಿಲ್ಮನ್ನು ಮಡಚಬೇಡಿ, ಬಿಸಿಲಿಗೆ ಇಡಬೇಡಿ. ಮೂಲ ಪ್ರತಿಗಳನ್ನು ಯಾರಿಗಾದರೂ ಕೊಡುವ ಮೊದಲು ಜೆರಾಕ್ಸ್ ಮಾಡಿಸಿ, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಕಾಗದ ಕಳೆದಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಡಿ. ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಯ ಪ್ರತಿ ಕೊಡಬೇಕೆಂಬುದು ವೈದ್ಯರಿಗಿರುವ 2002ರ ನಿಯಮ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ತಡಮಾಡಬೇಡಿ.

ಕೊನೆಯದಾಗಿ, ಮೂರು ಮಾತು ನೆನಪಿಡಿ. ದಾಖಲಾಗುವಾಗ ನಿಜ ಹೇಳಿ. ಆರು ತಿಂಗಳೊಳಗೆ ಅರ್ಜಿ ಹಾಕಿ. ಒಂದು ಚೀಟಿಯನ್ನೂ ಎಸೆಯಬೇಡಿ.

ಪರಿಹಾರ ಯಾರೂ ಕರುಣೆಯಿಂದ ಕೊಡುವ ಭಿಕ್ಷೆಯಲ್ಲ. ಅದನ್ನು ಕೇಳಲು ನಾಚಿಕೆ ಬೇಡ. ಹಾಗೆಯೇ ಅದು ಲಾಟರಿಯೂ ಅಲ್ಲ. ಇಲ್ಲದ ಗಾಯವನ್ನು ಹೇಳಿ ಪಡೆದ ಹಣ, ನಿಜವಾಗಿ ಗಾಯಗೊಂಡ ಮುಂದಿನವರ ಮಾತನ್ನೂ ಅನುಮಾನದಿಂದ ನೋಡುವಂತೆ ಮಾಡುತ್ತದೆ. ಆದ ನಷ್ಟವನ್ನು ಆದಷ್ಟೇ ಕೇಳಿ, ಪೂರ್ತಿಯಾಗಿ ಕೇಳಿ.

ಸಂದೇಹವಿದ್ದರೆ ವಾರ್ಡಿನ ಸಿಸ್ಟರ್‌ಗಳನ್ನು ಕೇಳಿ. ಯಾವ ಕಾಗದ ಯಾವ ಕೋಣೆಯಲ್ಲಿ ಸಿಗುತ್ತದೆ ಎಂಬುದನ್ನು ನಾವು ತೋರಿಸುತ್ತೇವೆ. ಕಾನೂನಿನ ಸಲಹೆಗೆ ವಕೀಲರನ್ನೋ ಕಾನೂನು ಸೇವಾ ಸಮಿತಿಯನ್ನೋ ಕಾಣಿ. ಔಷಧಿ, ವ್ಯಾಯಾಮ ತಪ್ಪಿಸಬೇಡಿ, ಹೇಳಿದ ದಿನ ತಪ್ಪದೆ ತೋರಿಸಿಕೊಳ್ಳಲು ಬನ್ನಿ. ಬರುವಾಗ ಆ ಫೈಲನ್ನೂ ತನ್ನಿ.

ನೀವು ಬೇಗ ಗುಣಮುಖರಾಗಿರೆಂದು ಹಾರೈಸುತ್ತೇವೆ.